ಕೂಡು ಕಾಣದ ಬಾಗಿಲು

ಬಡಗಿಯ ಮನೆಗೆ ಬಾಗಿಲಿರುವುದಿಲ್ಲ ಎಂದು ಜನ ಆಡಿಕೊಳ್ಳುವುದುಂಟು. ಕಂಡವರ ಮನೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವನ ಉಳಿಯೂ ಮೊಂಡಾಗಿರುತ್ತದೆ, ಮೈಯೂ ಮೊಂಡಾಗಿರುತ್ತದೆ. ಆದರೆ ಈ ಬಡಗಿಯ ಮಟ್ಟಿಗೆ ಆ ಮಾತು ಸಲ್ಲದು. ಆ ಬೀದಿಗೆಲ್ಲ ಅವನ ಮನೆಯದೇ ಚೆಂದದ ಬಾಗಿಲು. ಮಗಳು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ವರ್ಷ ಹಿತ್ತಲಿನ ಮರವೊಂದು ಗಾಳಿಗೆ ಉರುಳಿತ್ತು. ಅದನ್ನು ಕೊಯ್ದು, ನೆರಳಲ್ಲಿ ಒಣಗಿಸಿ, ಮರ ತನ್ನ ಸಿಟ್ಟೆಲ್ಲ ಬಿಟ್ಟ ಮೇಲೆ ಮಾಡಿದ ಬಾಗಿಲು ಅದು. ಒಂದು ಹಲಗೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಬೆರಳಾಡಿಸಿದರೂ ತಿಳಿಯದು. "ಕೂಡು ಕಂಡರೆ ಕೂಲಿ ಇಲ್ಲ" ಎನ್ನುತ್ತಿದ್ದ ಬಡಗಿಯ ಅಪ್ಪ. ಎರಡು ಮರ ಕೂಡುವ ಗೆರೆ ಕಣ್ಣಿಗೆ ಬಿದ್ದರೆ ಅದು ಕೆಲಸವೇ ಅಲ್ಲ ಎಂಬುದು ಆ ಮನೆಯ ನಂಬಿಕೆ.

ಆ ಬಾಗಿಲನ್ನು ಅಳಿಯ ಒಡೆದ. ಅದೂ ಬಡಗಿ ಮರ ಕೆತ್ತುವ ಬಾಚಿಯಿಂದಲೇ.

ಅಳಿಯ ಪಂಪು ರಿಪೇರಿಯವನು. ಸುತ್ತಿನ ತೋಟಗಳಲ್ಲಿ ಯಾರ ಮೋಟಾರು ಕೆಟ್ಟರೂ ಉಣ್ಣುವ ತಟ್ಟೆ ಬಿಟ್ಟು ಎದ್ದು ಬರುತ್ತಾನೆ ಎಂದು ಹೆಸರಾಗಿದ್ದ. ಮನೆಯೊಳಗೆ ಅವನು ಬೇರೆಯೇ ಮನುಷ್ಯ ಎಂಬುದನ್ನು ಮಗಳು ಐದು ವರ್ಷ ಹಲ್ಲು ಕಚ್ಚಿ ಮುಚ್ಚಿಟ್ಟಿದ್ದಳು. ಕೊನೆಗೊಂದು ದಿನ ಮಗುವನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ಬಂದು, "ಅಮ್ಮ, ಇನ್ನು ಹೋಗಲ್ಲ" ಎಂದಷ್ಟೇ ಹೇಳಿದಳು. ಬೆನ್ನಿಗೆ ಎಣ್ಣೆ ಹಚ್ಚುವಾಗ ಅಮ್ಮನಿಗೆ ಉಳಿದದ್ದೆಲ್ಲ ಕಂಡಿತು.

ಹದಿನೈದು ದಿನ ಕಳೆದಿತ್ತೇನೋ. ಬಡಗಿ ಪಕ್ಕದ ಊರಿನಲ್ಲಿ ಕಿಟಕಿ ಕೂರಿಸಲು ಹೋಗಿದ್ದ. ಬಣ್ಣ ಬಳಿಯಲು ಹೆಂಡತಿಯೂ ಜೊತೆಗಿದ್ದಳು. ಹೊರಡುವ ಆತುರದಲ್ಲಿ ಬಾಚಿ ಜಗಲಿಯ ಮೇಲೆಯೇ ಉಳಿದಿತ್ತು. ಸಂಜೆ ಅಳಿಯ ಬಂದ. ಕರೆದ, ಬೈದ, ಒಳಗಿನಿಂದ ಚಿಲಕ ತೆಗೆಯದಿದ್ದಾಗ ಬಾಚಿ ಎತ್ತಿಕೊಂಡ. ಹಲಗೆ ಸೀಳಿ, ಕೈ ತೂರಿಸಿ, ಚಿಲಕ ಎಳೆದು, ಹೆಂಡತಿಯ ಕೂದಲು ಹಿಡಿದು ಬೀದಿಗೆ ತಂದ. ಅವಳ ಬಲಗೈ ಮಣಿಕಟ್ಟು ಮುರಿದದ್ದು ಅಲ್ಲೇ. ಬಡಗಿಯ ತಾಯಿ, ಮನೆಮಂದಿಯೆಲ್ಲ ದೊಡ್ಡಜ್ಜಿ ಎನ್ನುವ ಮುದುಕಿ, ಒಲೆಯಿಂದ ಉರಿಯುವ ಕೊಳ್ಳಿ ಎತ್ತಿಕೊಂಡು ಓಡಿ ಬಂದ ಮೇಲೆಯೇ ಅವನು ಕೈಬಿಟ್ಟು ಹೋದದ್ದು. ಅಷ್ಟು ಹೊತ್ತೂ ಹಿಟ್ಟಿನ ಗಿರಣಿಯವನು ತನ್ನ ಬಾಗಿಲಲ್ಲಿ ನಿಂತಿದ್ದ. ಎದುರುಮನೆಯ ಹೊಲಿಗೆಯವಳ ಕಿಟಕಿ ಮೊದಲು ತೆರೆದಿತ್ತು, ಆಮೇಲೆ ಮುಚ್ಚಿತ್ತು.

ಮರುದಿನ ಬೆಳಗ್ಗೆ ಮಗಳು ಕೈಗೆ ಸಿಮೆಂಟು ಪಟ್ಟಿ ಕಟ್ಟಿಸಿಕೊಂಡು, ಅಮ್ಮನ ಜೊತೆ ಆಸ್ಪತ್ರೆಯಿಂದ ನೇರ ಪೊಲೀಸ್ ಠಾಣೆಗೆ ಹೋದಳು. ಬಡಗಿ ಮನೆಯಲ್ಲೇ ಉಳಿದ. ಒಳಗೆ ಮಗು ನಿದ್ದೆಯಲ್ಲಿ ಬಿಕ್ಕುತ್ತಿತ್ತು. ಬಾಗಿಲಿನ ಮಧ್ಯೆ ಮನುಷ್ಯನ ತೋಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ಅದರ ಮೇಲೆ ಬಾಚಿಯ ಮೊನೆ ಕಚ್ಚಿದ ಒಂದು ಸಣ್ಣ ತೂತು. ಅವನು ಬಹಳ ಹೊತ್ತು ಅದನ್ನು ನೋಡುತ್ತ ಕುಳಿತ. ಮಗಳು ಬಂದಾಗ ಇದು ಅವಳ ಕಣ್ಣಿಗೆ ಬೀಳಬಾರದು ಎಂದು ಅನ್ನಿಸಿದ್ದೇ ತಡ, ಎದ್ದ.

ಮತ್ತೆ ಅವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅದೇ ಮರದ ಒಂದು ತುಂಡು ಅಟ್ಟದ ಮೇಲಿತ್ತು. ಸೀಳಿದ್ದನ್ನು ಚೌಕವಾಗಿ ಕೊಯ್ದು ತೆಗೆದ, ಎಳೆಗೆ ಎಳೆ ಹೊಂದಿಸಿ ಹೊಸದನ್ನು ಕೂರಿಸಿದ, ಸಣ್ಣ ತೂತಿಗೆ ಬೆಣೆ ಬಡಿದ, ಅಂಟು ಹಾಕಿದ, ಉಜ್ಜಿದ, ಎಣ್ಣೆ ತಿಕ್ಕಿದ. ಮರದ ಹೊಟ್ಟು ಬಿಸಿಲಲ್ಲಿ ತೇಲಾಡಿ ಅವನ ರೆಪ್ಪೆಯ ಮೇಲೆ ಕೂರುತ್ತಿತ್ತು. ಕನಸಿನಲ್ಲಿ ಕೈ ಆಡಿದ ಹಾಗೆ ಕೈ ಆಡುತ್ತಿತ್ತು. ಮುಗಿದಾಗ ಅವನಿಗೇ ನಂಬಿಕೆ ಬರಲಿಲ್ಲ. ಏನೂ ಆಗಿಯೇ ಇರಲಿಲ್ಲ.

ಮಧ್ಯಾಹ್ನ ಇಳಿಹೊತ್ತಿಗೆ ಜೀಪು ಬಂತು. ಮೊದಲು ಮಗಳು ಇಳಿದಳು, ಹಿಂದೆ ಅವಳಮ್ಮ, ಅವರ ಹಿಂದೆ ದಣಿದ ಮುಖದ ಒಬ್ಬ ಮಹಿಳಾ ಪೊಲೀಸ್.

"ಎಲ್ಲಿದೆಯಮ್ಮ ನೀನು ಹೇಳಿದ ಬಾಗಿಲು?" ಎಂದಳು ಪೊಲೀಸಿನವಳು.

ಮಗಳು ಬಾಗಿಲ ಹತ್ತಿರ ಹೋಗಿ ಎಡಗೈಯಿಂದ ಸವರಿದಳು.

"ಸರಿ ಮಾಡಿಬಿಟ್ಟೆ" ಎಂದ ಬಡಗಿ. ಅವನ ದನಿಯಲ್ಲಿ ಸಣ್ಣದೊಂದು ಹೆಮ್ಮೆಯೂ ಇತ್ತು.

"ಏನು ಮಾಡಿದೆ ಅಪ್ಪ!" ಮಗಳು ಅಲ್ಲೇ ಹೊಸ್ತಿಲ ಮೇಲೆ ಕುಸಿದಳು. "ಅವನು ನಿನ್ನೆ ಈ ಕಡೆಗೇ ಬಂದಿಲ್ಲ ಅಂತ ಠಾಣೆಯಲ್ಲಿ ಬರೆಸಿದ್ದಾನೆ ಕಣಪ್ಪ. ನಾನು ಬಚ್ಚಲಲ್ಲಿ ಜಾರಿ ಬಿದ್ದೆನಂತೆ. ಅಲ್ಲಿ ಒಬ್ಬರೂ ನನ್ನ ಮಾತು ನಂಬಲಿಲ್ಲ. ಬಾಗಿಲು ಬಂದು ನೋಡಿ, ಬಾಗಿಲು ನೋಡಿದ ಮೇಲೆ ಮಾತಾಡಿ ಅಂತ ಇವರ ಕೈ ಹಿಡಿದು ಎಳಕೊಂಡು ಬಂದೆ."

ಪೊಲೀಸಿನವಳು ಬಗ್ಗಿ ನೋಡಿದಳು, ಉಗುರಿನಿಂದ ಕೆರೆದಳು. "ಯಜಮಾನರೇ, ಕೆಲಸ ಮಾತ್ರ ಚಿನ್ನ. ನಮ್ಮನೆ ಬಾಗಿಲು ಮಳೆಗೆ ಉಬ್ಬಿಕೊಂಡು ಕೂತಿದೆ, ಕರೆದರೆ ಒಬ್ಬರೂ ಬರಲ್ಲ" ಎಂದಳು. ಆಮೇಲೆ ಬೀದಿಯತ್ತ ತಿರುಗಿ, "ನೋಡಿದವರು ಯಾರಾದರೂ ಇದ್ದಾರಾ? ಮನೆಯವರಲ್ಲ, ಹೊರಗಿನವರು."

ಬೀದಿಯಲ್ಲಿ ಆಗ ಒಂದು ನರಪಿಳ್ಳೆಯೂ ಇರಲಿಲ್ಲ. ಗಿರಣಿಯ ಸದ್ದು ಸಹ ನಿಂತಿತ್ತು.

*

ಆ ವಾರವೆಲ್ಲ ಮನೆಯಲ್ಲಿ ತಟ್ಟೆಗಳ ಸದ್ದೇ ಹೆಚ್ಚು, ಮಾತು ಕಡಿಮೆ. ಮಗಳು ಎಡಗೈಯಲ್ಲಿ ಉಣ್ಣುವುದನ್ನು ಕಲಿಯುತ್ತಿದ್ದಳು. ಅನ್ನ ಬಾಯಿಗಿಂತ ನೆಲಕ್ಕೆ ಹೆಚ್ಚು ಹೋಗುತ್ತಿತ್ತು. ನಾಲ್ಕು ವರ್ಷದ ಮಗು, ಅದನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು, ಅಗುಳು ಹೆಕ್ಕಿ ಹೆಕ್ಕಿ ಅಮ್ಮನ ಬಾಯಿಗೆ ಇಡುತ್ತಿತ್ತು.

"ತಾಯಿಗುಬ್ಬಿಗೆ ಮರಿಗುಬ್ಬೀನೇ ಗುಟುಕು ಕೊಡ್ತಿದೆ ನೋಡು" ಎಂದು ದೊಡ್ಡಜ್ಜಿ ನಗಿಸಲು ನೋಡಿದಳು.

ಬಡಗಿಯ ಹೆಂಡತಿಗೆ ನಗು ಬರಲಿಲ್ಲ. ಅವಳು ಬೀದಿಯ ಮನೆಮನೆಗೂ ಹೋಗಿ ಬಂದಿದ್ದಳು. "ಗಿರಣಿಯವರು ಆವತ್ತು ಹಿಟ್ಟಿನ ಧೂಳಲ್ಲಿ ಕಣ್ಣು ಕಾಣ್ತಿರಲಿಲ್ಲ ಅಂದ್ರು. ಹೊಲಿಗೆಯವಳು ಬಾಗಿಲನ್ನೂ ಪೂರ್ತಿ ತೆಗೀಲಿಲ್ಲ. 'ಅಕ್ಕ, ನಾನು ಒಂಟಿ ಹೆಂಗಸು. ತಮ್ಮನ ತೋಟದ ಪಂಪು ವಾರಕ್ಕೊಂದು ಸಲ ಕೆಡುತ್ತೆ, ನಿಮ್ಮಳಿಯನನ್ನು ಬಿಟ್ರೆ ರಿಪೇರಿಗೆ ಬೇರೆ ಯಾರಿದ್ದಾರೆ' ಅಂದಳು. ಊರಿಗೆಲ್ಲ ನೀರು ಕೊಡೋನು ಅವನೊಬ್ಬನೇ ನೋಡಿ! ನಮ್ಮ ಕಣ್ಣೀರೂ ಅವನ ಪಂಪಿಂದಲೇ ಬರ್ತಿದೆ."

"ಇನ್ನೊಂದು ರೊಟ್ಟಿ ಹಾಕು" ಎಂದ ಬಡಗಿ.

"ನಿಮಗೆ ರೊಟ್ಟಿ ಇಳಿಯುತ್ತಾ?"

"ಇಳಿಯಲ್ಲ. ಅದಕ್ಕೇ ಕೇಳಿದೆ, ಗಂಟಲಲ್ಲಿ ಇರೋದನ್ನ ತಳ್ಳೋಕೆ."

ದೂರು ಬರೆದುಕೊಂಡದ್ದೇನೋ ಆಗಿತ್ತು. ಅಳಿಯ ಈ ಮನೆಯತ್ತ ಸುಳಿಯಬಾರದು, ಮಗು ತಾಯಿಯ ಹತ್ತಿರವೇ ಇರಬೇಕು ಎಂದು ನ್ಯಾಯಾಧೀಶರಿಂದ ಆದೇಶ ಬೇಡಿ ಅರ್ಜಿಯೂ ಹೋಗಿತ್ತು. ಆದರೆ ಹೊರಗಿನವರು ಒಬ್ಬರಾದರೂ ಬಂದು ಕಂಡದ್ದನ್ನು ಹೇಳದಿದ್ದರೆ ಅರ್ಜಿ ನಿಲ್ಲುವುದು ಕಷ್ಟ ಎಂದು ವಕೀಲೆ ಹೇಳಿದ್ದಳು. ಅದು ಬಿದ್ದರೆ ಅವನು ಬಂದು ಮಗುವಿನ ಕೈ ಹಿಡಿಯುತ್ತಾನೆ, ಮಗುವಿನ ಹಿಂದೆ ತಾಯಿ ಹೋಗಲೇಬೇಕಾಗುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಬ್ಬಿಗೆ ಸಹ ಗೊತ್ತಿತ್ತೋ ಏನೋ. ಅಜ್ಜನ ಮೊಣಕಾಲಿಗೆ ಅಂಟಿಕೊಂಡೇ ಓಡಾಡುತ್ತಿತ್ತು.

ವಾಯಿದೆಯ ದಿನ ಕೋರ್ಟಿಗೆ ಹೋದರೆ ನ್ಯಾಯಾಧೀಶರು ರಜೆ. ಪಡಸಾಲೆಯ ಬೆಂಚಿನ ಮೇಲೆ ಬೆಳಗಿನಿಂದ ಕುಳಿತು, ಮುಂದಿನ ತಿಂಗಳ ತಾರೀಕು ಹಿಡಿದುಕೊಂಡು ಬಂದರು. ಅಲ್ಲಿನ ಬಾಗಿಲೊಂದು ನೆಲಕ್ಕೆ ತಾಗಿ ಪ್ರತಿಸಲ ಕಿರ್ರೆನ್ನುತ್ತಿತ್ತು. "ಕೆಳಗೆ ಒಂದೆಳೆ ಕೆತ್ತಿದರೆ ಸಾಕು" ಎಂದು ಬಡಗಿ ಗೊಣಗಿದ.

"ಅಪ್ಪ, ದಯವಿಟ್ಟು ಇಲ್ಲಿ ಏನೂ ರಿಪೇರಿ ಮಾಡಬೇಡ" ಎಂದಳು ಮಗಳು. ಬಹಳ ದಿನದ ಮೇಲೆ ಅವಳ ತುಟಿಯಲ್ಲಿ ನಗುವಿನಂಥದು ಸುಳಿದದ್ದು ಆಗಲೇ. ಬಡಗಿಗೆ ಅದರಿಂದ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

*

ಆಮೇಲೆ ಒಂದು ದಿನ ಅಳಿಯನ ಕಡೆಯ ಹಿರಿಯರು ರಾಜಿಗೆ ಬಂದರು. ಅಳಿಯನ ದೊಡ್ಡಪ್ಪ, ಸೋದರಮಾವ, ಮಧ್ಯಸ್ಥನೆಂದು ಗಿರಣಿಯವನು. ಅಳಿಯ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ತಗ್ಗಿಸಿ, ಚಾಪೆಯ ಅಂಚಿನಲ್ಲಿ ಕುಳಿತ. ಮಗಳು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಬಡಗಿಯ ಹೆಂಡತಿ ಚಹಾ ಲೋಟಗಳನ್ನು ಕುಕ್ಕಿ ಇಟ್ಟಳು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ದೊಡ್ಡಪ್ಪ ಶುರು ಮಾಡಿದ.

"ಅಲ್ಲಪ್ಪ" ಎಂದಳು ಮೂಲೆಯಿಂದ ದೊಡ್ಡಜ್ಜಿ, "ಇವಳಿಗೆ ಅವನು ಉಣ್ಣೋಕೂ ಬಿಡಲಿಲ್ಲ, ಮಲಗೋಕೂ ಬಿಡಲಿಲ್ಲ. ಜಗಳ ಮುಗಿಯೋದು ಯಾವಾಗ?"

"ನೀವು ಹಿರಿಯರು, ಹೀಗೆ ಬೆಂಕಿಗೆ ತುಪ್ಪ ಸುರೀಬಾರದು."

"ತುಪ್ಪ ಎಲ್ಲಿದೆ ಈ ಮನೇಲಿ? ಕೊಳ್ಳಿ ಇದೆ, ಆವತ್ತು ನಿಮ್ಮ ಹುಡುಗ ನೋಡಿದ್ದಾನೆ."

ಗಿರಣಿಯವನು ಕೆಮ್ಮಿದ. "ಆಗಿದ್ದು ಆಗಿಹೋಯ್ತು. ನೋಡಿ, ಬಾಗಿಲೇ ಎಷ್ಟು ಚೆನ್ನಾಗಿ ಸರಿಹೋಗಿದೆ! ಒಡೆದಿತ್ತು ಅಂತ ಯಾರಾದರೂ ಹೇಳ್ತಾರಾ? ಮರವೇ ಮರೆತ ಮೇಲೆ ಮನುಷ್ಯರು ಮರೆಯೋಕೇನು?"

ಬಡಗಿ ತಲೆಯೆತ್ತಿ ಬಾಗಿಲನ್ನು ನೋಡಿದ. ತನ್ನ ಕೈಕೆಲಸ ಆ ಕಡೆಯವರ ಸಾಲಿನಲ್ಲಿ ಕೂತು ಮಾತಾಡುತ್ತಿರುವಂತೆ ಕಂಡಿತು.

"ಮಗಳನ್ನ ಕೇಳ್ತೀನಿ" ಎಂದಷ್ಟೇ ಅಂದ. ಕೇಳುವ ಅಗತ್ಯವಿರಲಿಲ್ಲ. ಒಳಕೋಣೆಯಿಂದ "ನಾನು ಬರಲ್ಲ" ಎಂಬ ದನಿ ಎಲ್ಲರಿಗೂ ಕೇಳಿಸಿತು.

ಹಿರಿಯರು ಎದ್ದರು. ಜಗಲಿಯ ಕೆಳಗೆ ಅವರು ಚಪ್ಪಲಿ ಹುಡುಕುತ್ತಿದ್ದಾಗ ಅಳಿಯ ಹಿಂದೆ ಉಳಿದ. ಬಾಗಿಲ ಮೇಲೆ ಅಂಗೈ ಇಟ್ಟು, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸವರಿದ. ಮಾವನ ಕಿವಿಗಷ್ಟೇ ಕೇಳುವ ಹಾಗೆ ಹೇಳಿದ:

"ಭಲೇ ಮಾವ. ಎಲ್ಲಿ ಹೊಡೆದೆ ಅಂತ ನನಗೇ ಗೊತ್ತಾಗ್ತಿಲ್ಲ."

ಅವನು ಇಳಿದು ಹೋದ. ಬಡಗಿ ಒಳಗೆ ಹೋಗಿ ಉಳಿ, ಕೊಡತಿ ತಂದ. ತನಗೆ ಮಾತ್ರ ಗೊತ್ತಿದ್ದ ಗೆರೆಯ ಮೇಲೆ ಉಳಿಯ ಬಾಯಿ ಇಟ್ಟು, ಕೊಡತಿಯಿಂದ ಒಂದೇಟು ಕೊಟ್ಟ.

"ಏನ್ರೀ ಅದು, ಹುಚ್ಚು ಹಿಡೀತಾ ನಿಮಗೆ?" ಹೆಂಡತಿ ಓಡಿ ಬಂದಳು.

"ಸುಮ್ನಿರು."

"ಎಷ್ಟು ಚೆನ್ನಾಗಿ ಕೂತಿತ್ತು..."

"ಚೆನ್ನಾಗಿ ಕೂತಿದ್ದೇ ತಪ್ಪಾಯ್ತು."

ತೇಪೆ ಬಿಡಲು ಒಲ್ಲೆ ಎಂದಿತು. ತಾನು ಹಾಕಿದ ಅಂಟು, ತಾನು ಹೊಂದಿಸಿದ ಎಳೆ. ಅದರೊಡನೆ ಗುದ್ದಾಡಿ, ಬೆವರಿ, ಕೊನೆಗೆ ತುಂಡು ಕಿತ್ತು ನೆಲಕ್ಕೆ ಬಿದ್ದಾಗ ಬೀದಿಯ ಬೆಳಕು ದಬ್ಬನೆ ಒಳಗೆ ಬಂತು. ಮೇಲಿನ ಸಣ್ಣ ಬೆಣೆಯನ್ನೂ ಹೊರಗೆ ತಳ್ಳಿದ. ಅಷ್ಟರಲ್ಲಿ ದೊಡ್ಡಜ್ಜಿ ಹಿತ್ತಲಿನ ಸೌದೆ ರಾಶಿಯ ತಳದಿಂದ ಎರಡು ಸೀಳು ಹಲಗೆ ತಂದು ಅವನ ಮುಂದೆ ಇಟ್ಟಳು. ಬಾಚಿಯ ಏಟು ಅವುಗಳ ಮೇಲೆ ಹಾಗೇ ಇತ್ತು.

"ಇಷ್ಟು ದಿನ ಇಟ್ಟಿದ್ದೆಯಾ ಅವ್ವಾ?"

"ಒಲೆಗೆ ಹಾಕೋಕೆ ಕೈ ಬರಲಿಲ್ಲ ಕಣೋ. ಹಸಿ ಸೌದೆ ಉರಿಸಿ ಕಣ್ಣು ಕೆಂಪು ಮಾಡಿಕೊಂಡೆ, ಇದನ್ನ ಮುಟ್ಟಲಿಲ್ಲ."

ಮುರಿದ ಚೂರುಗಳನ್ನು ಮುರಿದ ಹಾಗೆಯೇ ಅವುಗಳ ಜಾಗದಲ್ಲಿ ಕೂರಿಸಿದ. ಮಗಳು ಒಳಗಿನಿಂದ ಬಂದು ಎಡಗೈಯಿಂದ ಹಲಗೆ ಒತ್ತಿ ಹಿಡಿದಳು. ನಡುವೆ ತೋಳು ತೂರುವಷ್ಟು ಬಾಯಿ ಮತ್ತೆ ಮೊದಲಿನಂತೆ ತೆರೆದುಕೊಂಡಿತು.

ಸುದ್ದಿ ತಿಳಿದು ಪೊಲೀಸಿನವಳು ಬಂದಳು. ಸೊಂಟದ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಳು. "ಈಗ ಇದನ್ನ ನೀವೇ ಒಡೆದುಕೊಂಡ್ರಿ ಅಂತಾರೆ, ಯಜಮಾನರೇ. ಒಂದು ಸಲ ಮುಚ್ಚಿದ ಮೇಲೆ ಇದು ಸಾಕ್ಷಿ ಅಲ್ಲ, ಬರೀ ತೂತು."

"ಗೊತ್ತಮ್ಮ" ಎಂದ ಬಡಗಿ. "ಕೋರ್ಟಿಗೆ ಬೇಡದಿದ್ರೆ ಬೇಡ. ಬೀದಿಗಾದರೂ ಇರಲಿ."

*

ಹೀಗೆ ಆ ಮನೆ ಒಡೆದ ಬಾಗಿಲಿನ ಜೊತೆ ಬಾಳತೊಡಗಿತು. ಬಡಗಿಯನ್ನು ಹುಡುಕಿಕೊಂಡು ಬರುವವರು ಕಡಿಮೆಯಾದರು. "ಮೊದಲು ನಿಮ್ಮನೆ ಬಾಗಿಲು ಸರಿಮಾಡ್ಕೊಳ್ಳಿ, ಬೀದಿ ಮರ್ಯಾದೆ ಹೋಗ್ತಿದೆ" ಎಂದು ಗಿರಣಿಯವನು ಎರಡು ಸಲ ಹೇಳಿ ನೋಡಿದ. "ಮರ್ಯಾದೆ ಈ ತೂತಿಂದ ಹೋಗ್ತಿದ್ರೆ ಇಷ್ಟು ಹೊತ್ತಿಗೆ ಖಾಲಿ ಆಗಿರಬೇಕಿತ್ತಲ್ಲಪ್ಪ" ಎಂದಳು ದೊಡ್ಡಜ್ಜಿ.

ಸಂಜೆ, ಪಡುವಣ ಬಿಸಿಲು ಆ ದೊಡ್ಡ ಬಾಯಿಯಿಂದ ಒಳಗೆ ಬಂದು ನೆಲದ ಮೇಲೆ ಕೆಂಪು ಚಾಪೆಯಂತೆ ಬೀಳುತ್ತಿತ್ತು. ಅದು ಮೆಲ್ಲಮೆಲ್ಲಗೆ ಒಲೆಯ ತನಕ ತೆವಳಿ, ಪಾತ್ರೆಗಳ ಮೇಲೆ ಹತ್ತಿ, ಆರಿಹೋಗುತ್ತಿತ್ತು. ಮಗಳು ಅದರ ನಡುವೆ ಕಾಲು ಚಾಚಿ ಕುಳಿತು, ಪಟ್ಟಿ ಬಿಚ್ಚಿದ ಕೈಯಲ್ಲಿ ಅಪ್ಪನ ಸಣ್ಣ ಕೆಲಸಗಳನ್ನು ಉಜ್ಜಿ ನಯ ಮಾಡುತ್ತಿದ್ದಳು. ಮೊದಮೊದಲು ಬೀದಿಯಲ್ಲಿ ಹೆಜ್ಜೆ ಕೇಳಿದರೆ ಅವಳ ಕೈ ನಿಲ್ಲುತ್ತಿತ್ತು. ಬರಬರುತ್ತ ನಿಲ್ಲುವುದು ಕಡಿಮೆಯಾಯಿತು.

ಬೆಳಗ್ಗೆ ಬೇರೆಯೇ ಮಾಯೆ. ಗಾಳಿಗೆಂದು ಬಡಗಿಯ ಹೆಂಡತಿ ದೊಡ್ಡ ಬಾಯಿಗೆ ದಪ್ಪ ಕಂಬಳಿ ಇಳಿಬಿಡುತ್ತಿದ್ದಳು. ಒಳಗೆಲ್ಲ ಕತ್ತಲು. ಆಗ ಮೇಲಿನ ಸಣ್ಣ ತೂತಿನಿಂದ ಬೀದಿಯ ಬೆಳಕು ಸಣ್ಣ ಎಳೆಯಾಗಿ ಬಂದು ಒಳಗೋಡೆಯ ಮೇಲೆ ಹರಡುತ್ತಿತ್ತು. ಅದನ್ನು ಮೊದಲು ಕಂಡದ್ದು ಗುಬ್ಬಿ.

"ಅಜ್ಜ! ಗೋಡೆ ಮೇಲೆ ಬೀದಿ ಬಂದಿದೆ!"

ನಿಜಕ್ಕೂ ಬಂದಿತ್ತು. ಮಸುಕು ಮಸುಕಾಗಿ, ತಲೆಕೆಳಗಾಗಿ. ಎದುರುಮನೆಯ ಸೂರು ಕೆಳಗಿತ್ತು, ರಸ್ತೆ ಮೇಲಿತ್ತು. ಜನ ಕಾಲು ಮೇಲೆ ಮಾಡಿ ಸದ್ದಿಲ್ಲದೆ ನಡೆದು ಹೋಗುತ್ತಿದ್ದರು. ಸೈಕಲ್ಲುಗಳು ನೊಣದಂತೆ ತೇಲುತ್ತಿದ್ದವು. ಮನೆಮಂದಿಯೆಲ್ಲ ಹಾಸಿಗೆಯ ಮೇಲೆಯೇ ಕುಳಿತು ನೋಡಿದರು.

"ಗಿರಣಿ ಮಾಮ ತಲೆ ಮೇಲೆ ನಡೀತಿದ್ದಾನೆ" ಎಂದು ಗುಬ್ಬಿ ಚಪ್ಪಾಳೆ ತಟ್ಟಿತು.

"ಅವನು ಮೊದಲಿಂದಲೂ ಹಾಗೇ ಮಗಾ, ನಮಗೆ ಈಗ ಕಾಣಿಸ್ತು" ಎಂದಳು ದೊಡ್ಡಜ್ಜಿ.

ಮಗಳು ಗಟ್ಟಿಯಾಗಿ ನಕ್ಕಳು. ಬಡಗಿಯ ಹೆಂಡತಿ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ಬೆಳಗಿನ ಹಾಲು ಕುಡಿಯುತ್ತ ಗೋಡೆ ನೋಡುವುದು ಗುಬ್ಬಿಗೆ ಅಭ್ಯಾಸವಾಯಿತು. ಯಾರು ಹೋದರು, ಯಾರು ಬಂದರು ಎಂದು ಕೂಗಿ ಹೇಳುತ್ತಿತ್ತು. ದಿನಗಳೆದಂತೆ ಒಂದು ಮಾತು ಮತ್ತೆಮತ್ತೆ ಬರತೊಡಗಿತು: "ಹೊಲಿಗೆ ಅಜ್ಜಿ ನಿಂತಿದ್ದಾಳೆ." "ಹೊಲಿಗೆ ಅಜ್ಜಿ ಇನ್ನೂ ಅಲ್ಲೇ ನಿಂತಿದ್ದಾಳೆ." ಗೋಡೆಯ ಮೇಲೆ ಎದುರುಮನೆಯ ಕಿಟಕಿಯಲ್ಲಿ ತಲೆಕೆಳಗಾದ ಸಣ್ಣದೊಂದು ನೆರಳು ಅಲುಗಾಡದೆ ಇರುತ್ತಿತ್ತು.

ಒಂದು ದಿನ ಬಾವಿಯ ಹತ್ತಿರ ಬಡಗಿಗೆ ಅವಳೇ ಎದುರಾದಳು. ಕೊಡ ಕೆಳಗಿಟ್ಟು, ಎತ್ತಲೋ ನೋಡುತ್ತ ಹೇಳಿದಳು:

"ಅಣ್ಣ, ಆ ಬಾಗಿಲು ಮುಚ್ಚಬಾರದಾ?"

"ಯಾಕಮ್ಮ?"

"ಸೂಜಿಗೆ ದಾರ ಪೋಣಿಸೋಕೆ ಬೆಳಕಿಗೆ ತಲೆ ಎತ್ತಬೇಕಲ್ಲ. ಎತ್ತಿದಾಗಲೆಲ್ಲ ಅದೇ. ಆವತ್ತು ನಾನು ಕಿಟಕಿ ಮುಚ್ಚಿದ್ದು ಅವಳು ನೋಡಿದಳು ಅಣ್ಣ. ಬೀದೀಲಿ ಬಿದ್ದುಕೊಂಡೇ ನೋಡಿದಳು."

ಬಡಗಿ ಹಗ್ಗ ಸುತ್ತುತ್ತಿದ್ದ. "ನಾನೂ ಮುಚ್ಚಿದವನೇ ಕಣಮ್ಮ" ಎಂದ. "ನಿನಗಿಂತ ನಯವಾಗಿ ಮುಚ್ಚಿದೆ. ಅದನ್ನ ಕೀಳೋಕೆ ಬಹಳ ಕಷ್ಟವಾಯ್ತು."

ಅವಳು ಕೊಡ ಎತ್ತಿಕೊಂಡು ಹೋದಳು. ಬಡಗಿ ಈ ಮಾತನ್ನು ಮನೆಯಲ್ಲಿ ಹೇಳಲಿಲ್ಲ.

*

ವಾಯಿದೆಯ ದಿನ ಬಂತು. ಈ ಸಲ ನ್ಯಾಯಾಧೀಶರು ಇದ್ದಾರೆ ಎಂದು ವಕೀಲೆ ಫೋನು ಮಾಡಿದ್ದಳು. "ಯಾರಾದರೂ ಬರ್ತಾರಾ?" ಎಂದು ಕೇಳಿದ್ದಳು. "ನಾವು ಬರ್ತೀವಿ" ಎಂದಿದ್ದಳು ಮಗಳು.

ಬಡಗಿಯ ಹೆಂಡತಿ ರೊಟ್ಟಿ, ಈರುಳ್ಳಿ ಬಟ್ಟೆಯಲ್ಲಿ ಕಟ್ಟಿದಳು. ಮಗಳು ಒಗೆದ ಬಟ್ಟೆ ಉಟ್ಟು, ಕನ್ನಡಿಯಿಲ್ಲದೆಯೇ ತಲೆ ಬಾಚಿಕೊಂಡಳು. ಬಾಚಣಿಗೆ ನೆತ್ತಿಗೆ ಬಂದಾಗ ಇನ್ನೂ ಸ್ವಲ್ಪ ಮುಖ ಕಿವುಚುತ್ತಿದ್ದಳು. ಗುಬ್ಬಿ ಹಾಲಿನ ಲೋಟ ಹಿಡಿದು ಗೋಡೆಯ ಮುಂದೆ ಕುಳಿತಿತ್ತು.

"ಮಗೂನ ಕೊಡು ಅಂದ್ರೆ ಏನು ಮಾಡೋದ್ರೀ?" ಹೆಂಡತಿ ಮೆಲ್ಲಗೆ ಕೇಳಿದಳು.

ಬಡಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದ. ಅದು ಸರಿಯಾಗಿಯೇ ಇತ್ತು.

"ಅಜ್ಜ, ಹೊಲಿಗೆ ಅಜ್ಜಿ ಕಿಟಕೀಲಿ ಇಲ್ಲ" ಎಂದಿತು ಗುಬ್ಬಿ.

"ಇರಲಿ ಬಿಡು."

"ಕಿಟಕಿ ತೆರೆದಿದೆ. ಅವಳಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಬಾಗಿಲಿಂದ ಬಂದಳು. ಚೀಲ ಹಿಡಿದಿದ್ದಾಳೆ. ರಸ್ತೆಗೆ ಇಳಿದಳು."

ಎಲ್ಲರ ಕೈಯೂ ನಿಂತಿತು. ಮಗಳ ಬಾಚಣಿಗೆ ಕೂದಲಲ್ಲೇ ಉಳಿಯಿತು. ಗೋಡೆಯ ಮೇಲೆ, ತಲೆಕೆಳಗಾದ ಹೆಂಗಸೊಬ್ಬಳು ರಸ್ತೆಯನ್ನು ದಾಟುತ್ತಿದ್ದಳು. ನಡುವೆ ಒಮ್ಮೆ ನಿಂತಳು. ಪಕ್ಕದಿಂದ ಇನ್ನೊಂದು ನೆರಳು ಬಂದು ಅವಳಿಗೇನೋ ಹೇಳಿ ಕೈಯಾಡಿಸಿತು.

"ಗಿರಣಿ ಮಾಮ ಬೈತಿದ್ದಾನೆ" ಎಂದಿತು ಗುಬ್ಬಿ.

ಬಡಗಿಗೆ ಎದ್ದು ಹೋಗಿ ಕಂಬಳಿ ಸರಿಸಿ ನೋಡಬೇಕು ಅನ್ನಿಸಿತು. ಸರಿಸಿದರೆ ಗೋಡೆಯ ಮೇಲಿನದೆಲ್ಲ ಅಳಿಸಿಹೋಗುತ್ತದೆ. ಅವನು ಉಸಿರು ಹಿಡಿದು ಕುಳಿತೇ ಇದ್ದ. ಅವಳ ನೆರಳು ಆ ಇನ್ನೊಂದು ನೆರಳನ್ನು ಸುತ್ತುಬಳಸಿ ಮುಂದೆ ಬಂತು. ದೊಡ್ಡದಾಗುತ್ತ ಬಂತು. ಸೂರನ್ನೂ ರಸ್ತೆಯನ್ನೂ ನುಂಗುತ್ತ ಗೋಡೆಯ ತುಂಬ ಬೆಳೆದು, ಕೊನೆಗೆ ಬೆಳಕನ್ನೇ ಮುಚ್ಚಿತು.

ಬಾಗಿಲು ತಟ್ಟಿದ ಸದ್ದಾಯಿತು. ಒಡೆದ ಬಾಗಿಲು, ತಟ್ಟದೆಯೂ ಒಳಗೆ ಕೈಹಾಕಬಹುದಿತ್ತು. ಅವಳು ತಟ್ಟಿ, ಕಾದು ನಿಂತಳು.

ಮಗಳೇ ಎದ್ದು ಹೋಗಿ ಚಿಲಕ ತೆಗೆದಳು.

"ಬಸ್ಸು ಎಷ್ಟು ಹೊತ್ತಿಗೆ?" ಎಂದಳು ಹೊಲಿಗೆಯವಳು.

"ಇನ್ನೂ ಹೊತ್ತಿದೆ ಅತ್ತೆ" ಎಂದಳು ಮಗಳು. "ಒಳಗೆ ಬನ್ನಿ, ಚಹಾ ಕುಡಿದು ಹೋಗೋಣ."